ಅದು ಸುಗ್ಗಿಯ ಕೂಗಲ್ಲ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದರೆ ಮೂಗಿಗೆ ಸುಟ್ಟ ಪೇಪರಿನ ವಾಸನೆ ಬಡಿಯಿತು. ಬಗ್ಗಿ ನೋಡಿದೆ. ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಲು ಶಾಮಿಯಾನ ಹಾಕಿದ್ದರು. ಅದರ ಪಕ್ಕದಲ್ಲಿ ಹಳೆಯ ಪೇಪರುಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿ ಮೂರ್ನಾಲ್ಕು ಜನ ತಮಟೆ ಕಾಯಿಸುತ್ತಿದ್ದರು. ಚರ್ಮ ಕಾದಂತೆ ಬಿಗಿಯುತ್ತದೆ, ಬಿಗಿದಂತೆ ದನಿ ಏರುತ್ತದೆ. ಆ ಹೊಗೆಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವರ್ಣಿಸಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ನನ್ನ ವರ್ಣನೆಯಿಂದ ಏನೂ ಪ್ರಯೋಜನವಿಲ್ಲ.

ಎದುರುಮನೆಯ ಯಜಮಾನರೂ ತಮ್ಮ ಬಾಲ್ಕನಿಯಲ್ಲಿ ನಿಂತಿದ್ದರು. “ನೋಡಿ ಮೇಡಂ, ಶುರುವಾಯ್ತು. ಸಾಯಂಕಾಲದ ಹೊತ್ತಿಗೆ ಡಿಜೆನೂ ಬರುತ್ತೆ. ಈ ಡಿಜೆಗಳನ್ನೆಲ್ಲ ಹಿಡಿದು ಒಳಗೆ ಹಾಕ್ಬೇಕು ಕಣ್ರೀ,” ಎಂದರು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನಗೆ ಸಿಟ್ಟು ಸಾಮಾನ್ಯವಾಗಿ ಊಟದ ನಂತರದ ಪೀರಿಯಡ್ಡಿನಲ್ಲಿ, ಭಿನ್ನರಾಶಿಯ ಛೇದವನ್ನು ಯಾರಾದರೂ ಸುಮ್ಮಸುಮ್ಮನೆ ಹೊಡೆದುಹಾಕಿದಾಗ ಬರುತ್ತದೆ. ಇವತ್ತು ಕಾಫಿ ಮುಗಿಯುವ ಮೊದಲೇ ಬಂತು. ಯಜಮಾನರ ಮೇಲಲ್ಲ. ಪಾಪ, ಅವರು ಹೇಳಿದ್ದು ಬೇರೆ ಡಿಜೆಯ ಬಗ್ಗೆ. ನಮ್ಮ ರಾಜಗೋಪಾಲನಗರದಲ್ಲಿ ಡಿಜೆ ಎಂದರೆ ಮನುಷ್ಯನಲ್ಲ, ಲಾರಿ. ಆಳೆತ್ತರದ ಸ್ಪೀಕರ್ ಡಬ್ಬಗಳನ್ನು ಹೊತ್ತು, ಕಿಟಕಿಯ ಗಾಜು ನಡುಗಿಸುತ್ತಾ ಮೆರವಣಿಗೆಯ ಹಿಂದೆ ಬರುವ ಲಾರಿ. ಆದ್ದರಿಂದಲೇ ನನ್ನ ನಾದಿನಿ ನೇತ್ರಾ ಒಂದು ದಿನ ಊಟಕ್ಕೆ ಕೂತಾಗ “ನಾನು ಡಿಜೆ ಆಗ್ತೀನಿ” ಎಂದಾಗ ನಮ್ಮತ್ತೆ ಕಮಲಮ್ಮನವರು ಸಾರಿನ ಸೌಟು ಎತ್ತಿಹಿಡಿದು, “ಲಾರಿ ಮೇಲೆ ನಿಂತ್ಕೋತೀಯೇನೇ?” ಎಂದು ಗಾಬರಿಯಿಂದ ಕೇಳಿದ್ದು.

ನಾದಿನಿ ಅತ್ತಿಗೆಯರಿಗೆ ಆಗಿಬರುವುದಿಲ್ಲ ಎಂದು ಧಾರಾವಾಹಿ ನೋಡುವವರೆಲ್ಲ ನಂಬಿದ್ದಾರೆ. ನಮ್ಮಿಬ್ಬರಿಗೆ ಮೊದಲ ವಾರದಲ್ಲೇ ಆಗಿಬಂತು. ಕಾರಣ ಬಹಳ ಸಣ್ಣದು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಹಿಂದಿನ ರಸ್ತೆಯಲ್ಲೇ ಪವರ್ ಪ್ರೆಸ್ಸುಗಳ ವರ್ಕ್‌ಶಾಪು. ತಗಡು ಕತ್ತರಿಸುವ ಢಕ್ ಢಕ್ ಸದ್ದು ಗೋಡೆಯೊಳಗಿಂದಲೇ ಬಂದಂತೆ ಕೇಳುತ್ತಿತ್ತು. ನಾನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದನ್ನು ಕಂಡು ನೇತ್ರಾ, “ಅತ್ತಿಗೆ, ತಡೀಬೇಡಿ, ಎಣಿಸಿ. ಏಳಕ್ಕೊಂದ್ಸಲ ಆ ಎಡಗಡೆ ಮಿಷನ್ನು ಸ್ವಲ್ಪ ಲೇಟಾಗಿ ಬೀಳುತ್ತೆ,” ಎಂದಳು. ಎಣಿಸಿದೆ. ಹೌದು, ಬೀಳುತ್ತಿತ್ತು. ಎಣಿಸುತ್ತಾ ಎಣಿಸುತ್ತಾ ನಿದ್ದೆ ಹೋದೆ. ಗಣಿತದವಳನ್ನು ಗೆಲ್ಲಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಪೀಣ್ಯದ ಒಂದು ಘಟಕದಲ್ಲಿ ಕಂಟ್ರೋಲ್ ಪ್ಯಾನೆಲ್ ಟೆಸ್ಟ್ ಮಾಡುವ ಕೆಲಸದಲ್ಲಿದ್ದಳು. ಮನೆಗೆ ಬಂದವಳು ಕೈಕಾಲು ತೊಳೆದು ಮೇಲಿನ ರೂಮು ಸೇರಿದರೆ ಮುಗಿಯಿತು. ಗೋಡೆಗೆಲ್ಲ ಹಳೆಯ ಹತ್ತಿ ಹಾಸಿಗೆಗಳನ್ನು ನೇತುಹಾಕಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದಳು. ಏನು ಮಾಡುತ್ತೀಯೆಂದು ಕೇಳಿದರೆ “ಬ್ರೇಕ್‌ಬೀಟ್” ಎಂದಳು. ನನಗೆ ಬ್ರೇಕು ಎಂದರೆ ಸ್ಕೂಟರಿನದಷ್ಟೇ ಗೊತ್ತು. ಅವಳೇ ಬಿಡಿಸಿ ಹೇಳಿದಳು. ಹಾಡಿನ ಮಧ್ಯೆ ಎಲ್ಲರೂ ಸುಮ್ಮನಾಗಿ ಡ್ರಮ್ಮು ಒಂದೇ ಮಾತಾಡುವ ಜಾಗ ಒಂದಿರುತ್ತದೆ. ಆ ಜಾಗವನ್ನು ಕತ್ತರಿಸಿಕೊಂಡು, ಚೂರು ಚೂರು ಮಾಡಿ, ಹಿಂದುಮುಂದಾಗಿ ಹೊಲಿಯುವುದು. “ಕ್ಲಬ್ಬಲ್ಲಿ ಸಾಮಾನ್ಯವಾಗಿ ಢಂ ಢಂ ಢಂ ಢಂ ಅಂತ ಒಂದೇ ಸಮ ಇರುತ್ತಲ್ಲ ಅತ್ತಿಗೆ, ಇದು ಹಂಗಲ್ಲ. ಮೆಟ್ಟಿಲು ಇಳೀವಾಗ ಇನ್ನೊಂದು ಮೆಟ್ಟಿಲಿದೆ ಅಂದ್ಕೊಂಡು ಕಾಲಿಟ್ರೆ ಇರಲ್ಲ ನೋಡಿ, ಎದೆ ಧಸಕ್ಕನ್ನುತ್ತೆ. ಆ ಧಸಕ್ಕು ಬರ್ಬೇಕು, ಆದ್ರೆ ಬೀಳಬಾರ್ದು.”

ಇದನ್ನೆಲ್ಲ ಅವಳಿಗೆ ಯಾರೂ ಕಲಿಸಲಿಲ್ಲ. ವಿಡಿಯೋ ನೋಡಿ, ತಪ್ಪು ಮಾಡಿ, ಕಿವಿಯಿಂದ ಕಲಿತಳು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಅವಳು ಹೋದ ಕಡೆಯಲ್ಲೆಲ್ಲ ಜನ ಕೇಳಿದ ಮೊದಲ ಪ್ರಶ್ನೆ ಒಂದೇ: “ಇದನ್ನ ನಿಮಗೆ ಯಾರು ಮಾಡ್ಕೊಡ್ತಾರೆ?”

ಮುನಿಯಪ್ಪನವರು ನಮ್ಮ ಮನೆಗೆ ಬಂದದ್ದು ಇದೇ ಕಾಲದಲ್ಲಿ. ಲಗ್ಗೆರೆಯವರು. ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಮಟೆ ಅವರಿಗೆ ತಂದೆಯಿಂದ ಬಂದದ್ದು. ಯಾವುದೋ ಮೆರವಣಿಗೆಯಲ್ಲಿ ಅವರು ಬಾರಿಸುವುದನ್ನು ಕೇಳಿದ ನೇತ್ರಾ ಲಗ್ಗೆರೆಯ ಬೀದಿ ಬೀದಿ ವಿಚಾರಿಸಿಕೊಂಡು ಹೋಗಿ ಹುಡುಕಿದ್ದಳು. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದಾಗ ಅವರು ಒಂದೇ ಮಾತು ಹೇಳಿದರಂತೆ: “ಮಾಡ್ಕಳವ್ವ. ಆದ್ರೆ ಬಾರ್ಸಿದೋನು ಇಂತೋನು ಅಂತ ಏಳ್ಬೇಕು. ಸಾವ್ರ ಮೆರವಣಿಗೇಲಿ ಬಾರ್ಸಿವ್ನಿ, ಒಬ್ರೂ ಎಸ್ರು ಕೇಳ್ನಿಲ್ಲ.” ನೇತ್ರಾ ಮಾತು ಕೊಟ್ಟಳು.

ನಮ್ಮ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ರೆಕಾರ್ಡಿಂಗ್ ಆಯಿತು. ಬೆಳಗಿನ ಹೊತ್ತು. ಮುನಿಯಪ್ಪನವರು ತಮಟೆ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಕಣ್ಣು ಮುಚ್ಚಿ ಶುರು ಮಾಡಿದರು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಅಲ್ಲೇ ನಿಂತಿದ್ದೆ. ಬಡಿತ ಇನ್ನೇನು ಶಿಖರಕ್ಕೇರಬೇಕು, ಅಷ್ಟರಲ್ಲಿ ಕೆಳಗೆ ದೇವರಮನೆಯಿಂದ ನಮ್ಮತ್ತೆಯ ಕೂಗು: “ನೇತ್ರಾ! ಹಾಲು ಉಕ್ತು ಕಣೇ! ಓಡ್ಬಾರೇ!” ಮಂಡಿನೋವಿನ ಅತ್ತೆ ಪೂಜೆಗೆ ಕೂತಿದ್ದರು, ಎದ್ದು ಹೋಗಲಾಗದೆ ಇದ್ದಬದ್ದ ಉಸಿರನ್ನೆಲ್ಲ ಆ ‘ಓಡ್ಬಾರೇ’ಗೆ ಹಾಕಿದ್ದರು. ಮುನಿಯಪ್ಪನವರು ಬೆಚ್ಚಿದರು. ಕೈ ಒಂದು ಪೆಟ್ಟು ತಪ್ಪಿತು. ಮರುಪೆಟ್ಟಿಗೆ ಮತ್ತೆ ಹಿಡಿದುಕೊಂಡಿತು.

ನಾನು ಅಯ್ಯೋ ಎಂದುಕೊಂಡೆ. ನೇತ್ರಾ ಮಾತ್ರ ಕಣ್ಣರಳಿಸಿ ನೋಡುತ್ತಿದ್ದಳು. “ಇದೇ ಅತ್ತಿಗೆ, ಇದೇ!” ಹಾಲು ಒಲೆಯ ಮೇಲೆಲ್ಲ ಹರಿದು ಆರಿಹೋಯಿತು. ಆ ತಪ್ಪಿ ಹಿಡಿದ ಪೆಟ್ಟಿನ ಸುತ್ತ, ನಮ್ಮತ್ತೆಯ ಕೂಗಿನ ಸುತ್ತ, ಹಿಂದಿನ ರಸ್ತೆಯ ಪ್ರೆಸ್ಸುಗಳ ಢಕ್ ಢಕ್ ಸೇರಿಸಿ ಅವಳು ತಿಂಗಳುಗಟ್ಟಲೆ ಕೂತು ಒಂದು ಹಾಡು ಕಟ್ಟಿದಳು. ಹಾಡು ಎಂದರೆ ಸಾಹಿತ್ಯವಿಲ್ಲದ ಹಾಡು. ‘ಪೀಣ್ಯ ಸೆಕೆಂಡ್ ಸ್ಟೇಜ್’ ಎಂದು ಹೆಸರಿಟ್ಟಳು.

ಅವಳು ಅದನ್ನು ಮೊದಲ ಸಲ ಜನರ ಮುಂದೆ ನುಡಿಸಿದ್ದು ದೊಡ್ಡನೆಕ್ಕುಂದಿಯ ಒಂದು ಬಿಯರ್ ತಯಾರಿಸುವ ಹೋಟೆಲಿನಲ್ಲಿ, ಭಾನುವಾರ ಮಧ್ಯಾಹ್ನ. ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ನಾದಿನಿಯ ಮೊದಲ ಕಾರ್ಯಕ್ರಮ, ಮತ್ತೇನು ಉಡಲಿ? ಬಾಗಿಲಲ್ಲಿದ್ದ ಸೆಕ್ಯುರಿಟಿಯವನು, “ಮೇಡಂ, ಮದ್ವೆ ಹಾಲ್ ಪಕ್ಕದ ಬಿಲ್ಡಿಂಗು,” ಎಂದ. ಒಳಗೆ ಗೋಡೆಯ ಮೇಲೆ ಪೋಸ್ಟರು. ಉಳಿದವರಿಗೆಲ್ಲ ಹೆಸರಿತ್ತು; ಇವಳಿಗೆ ‘ಲೇಡಿ ಡಿಜೆ’ ಎಂದಷ್ಟೇ. ಮ್ಯಾನೇಜರು ಬಂದು, “ಸ್ವಲ್ಪ ಸ್ಮೈಲ್ ಮಾಡ್ತಾ ಇರಿ, ಲ್ಯಾಪ್‌ಟಾಪ್ ನೋಡ್ತಾ ಇರ್ಬೇಡಿ,” ಎಂದು ಹೇಳಿಹೋದ. ಅವಳಿಗಿಂತ ಮುಂಚೆ ನುಡಿಸಿದ ಹುಡುಗ ಒಂದು ಗಂಟೆ ಮುಖ ಗಂಟು ಹಾಕಿಕೊಂಡೇ ಇದ್ದ. ಅವನಿಗೆ ಯಾರೂ ಹೇಳಲಿಲ್ಲ. ಮುಖ ಗಂಟು ಹಾಕಿಕೊಂಡರೆ ಗಂಡಸಿಗೆ ಅದು ಏಕಾಗ್ರತೆ.

ಆದರೆ ‘ಪೀಣ್ಯ ಸೆಕೆಂಡ್ ಸ್ಟೇಜ್’ ಶುರುವಾದಾಗ, ಬಿಯರ್ ಲೋಟ ಹಿಡಿದು ಫೋನು ನೋಡುತ್ತಿದ್ದವರು ತಲೆ ಎತ್ತಿದರು. ಆ ತಪ್ಪಿದ ಪೆಟ್ಟು ಬಂದಾಗ ಇಡೀ ಹಾಲ್ ಒಂದು ಕ್ಷಣ ತೂಗಾಡಿ ಮತ್ತೆ ನೆಲಕ್ಕೆ ಬಂದಂತಾಯಿತು. ಕುಣಿಯದವರೂ ಕುಣಿದರು. ನಾನು ಕುಣಿಯಲಿಲ್ಲ, ಸೀರೆಯ ನೆರಿಗೆ ಹಿಡಿದು, ಬೆರಳಲ್ಲಿ ಹದಿನಾರನೇ ಒಂದು ಭಾಗಗಳನ್ನು ಲೆಕ್ಕ ಹಾಕುತ್ತಾ ಮೂಲೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ. ಮುಗಿದ ಮೇಲೆ ನೇತ್ರಾ ಮೈಕ್ ಹಿಡಿದು, “ತಮಟೆ, ಲಗ್ಗೆರೆ ಮುನಿಯಪ್ಪ. ಕೂಗಿದ್ದು ನಮ್ಮಮ್ಮ,” ಎಂದಳು. ಜನ ಶಿಳ್ಳೆ ಹೊಡೆದರು. ಕೆಳಗಿಳಿಯುತ್ತಿದ್ದಂತೆ ಒಬ್ಬ ಬಂದು ಬಹಳ ವಿನಯದಿಂದ ಕೇಳಿದ: “ಸೂಪರ್ ಆಗಿತ್ತು ಮೇಡಂ. ಯಾರು ಮಾಡ್ಕೊಟ್ಟಿದ್ದು?”

ಅಲ್ಲಿಂದ ಮುಂದೆ ಕರೆಗಳು ಬಂದವು. ಪುಣೆ, ಗೋವಾ, ಕೊಚ್ಚಿ. ಅವಳು ಕೆಲಸ ಬಿಟ್ಟಳು. ಅತ್ತೆ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಪ್ರಯಾಣಕ್ಕೆಂದು ಚಟ್ನಿಪುಡಿ ಮಾಡಿ ಕಟ್ಟಿಕೊಟ್ಟರು. ಹೋದ ಕಡೆಯೆಲ್ಲ ಅದೇ ಪ್ರಶ್ನೆ, ಬೇರೆ ಬೇರೆ ಭಾಷೆಯಲ್ಲಿ. ಅಣ್ಣ ಮಾಡಿಕೊಡುತ್ತಾನಾ? ಬಾಯ್‌ಫ್ರೆಂಡಾ? ನಮ್ಮ ಮನೆಯವರಿಗೆ, ಅಂದರೆ ಅವಳ ಅಣ್ಣನಿಗೆ, ಟಿವಿಯ ರಿಮೋಟಿನಲ್ಲಿ ಸೌಂಡ್ ಕಡಿಮೆ ಮಾಡುವ ಗುಂಡಿ ಯಾವುದೆಂದು ಇವತ್ತಿಗೂ ಗೊತ್ತಿಲ್ಲ. ನೇತ್ರಾ ನಗುತ್ತಾ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ವರುಣ್ ಎನ್ನುವವನು ಸಿಕ್ಕಿದ್ದು ಆಗ. ವೈಟ್‌ಫೀಲ್ಡಿನಲ್ಲಿ ಸ್ವಂತ ಸ್ಟುಡಿಯೋ, ಹಾಡು ಹೊರತರಲು ಸ್ವಂತ ಲೇಬಲ್, ಹೊರದೇಶದಲ್ಲಿ ಓದಿ ಬಂದವನು, ಮಾತು ಬೆಣ್ಣೆ. ಅವನು ಒಬ್ಬನೇ ಆ ಪ್ರಶ್ನೆ ಕೇಳದಿದ್ದವನು. “ನೀವೇ ಮಾಡಿದ್ದು ಅಂತ ಕೇಳಿದ್ ತಕ್ಷಣ ಗೊತ್ತಾಯ್ತು,” ಎಂದನಂತೆ. ಆ ಒಂದು ಮಾತಿಗೆ ನೇತ್ರಾ ಸೋತಳು. ಯಾರು ಸೋಲುವುದಿಲ್ಲ ಹೇಳಿ? ಹಾಡನ್ನು ರೆಕಾರ್ಡಾಗಿ ತರುತ್ತೇನೆ, ಮಿಕ್ಸಿಂಗ್ ಚೆನ್ನಾಗಿ ಆಗಬೇಕಾದರೆ ತಮಟೆ, ಪ್ರೆಸ್ಸು, ಕೂಗು ಎಲ್ಲವನ್ನೂ ಬಿಡಿಬಿಡಿಯಾಗಿ ಕಳಿಸಿ ಎಂದ. ಕಳಿಸಿದಳು.

ಆಮೇಲೆ ಅವನು ಸುಮ್ಮನಾದ. ಕೇಳಿದರೆ ‘ಆಗ್ತಾ ಇದೆ’. ತಿಂಗಳುಗಳು ಕಳೆದ ಮೇಲೆ ಒಂದು ಭಾನುವಾರ ನೇತ್ರಾ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ರೆಕಾರ್ಡು ಬಂದಿತ್ತು. ಹೆಸರು ‘ಹಾರ್ವೆಸ್ಟ್ ರಿಚುಅಲ್’, ಅಂದರೆ ಸುಗ್ಗಿಯ ಆಚರಣೆ. ಮಾಡಿದವನು ವರುಣ್. ತಮಟೆಯ ಪಕ್ಕದಲ್ಲಿ ‘ಸಾಂಪ್ರದಾಯಿಕ’ ಎಂದಿತ್ತು. ನೇತ್ರಾಳ ಹೆಸರು ಎಲ್ಲೂ ಇರಲಿಲ್ಲ. ಕೇಳಿನೋಡಿದೆವು. ಮೊದಲಿಗೆ ಒಂದು ಕೊಳಲು ಅಂಟಿಸಿದ್ದ, ಅಷ್ಟೇ. ಉಳಿದದ್ದೆಲ್ಲ ಅದೇ. ಆ ತಪ್ಪಿ ಹಿಡಿದ ಪೆಟ್ಟು ಸಹ.

ಜೊತೆಗೆ ಒಂದು ಸಂದರ್ಶನ. ಅದರಲ್ಲಿ ಅವನು ಕಣ್ಣು ಅರೆಮುಚ್ಚಿ ವಿವರಿಸುತ್ತಿದ್ದ: ಮಧ್ಯೆ ಕೇಳಿಸುವ ಹೆಂಗಸಿನ ದನಿ ಸುಗ್ಗಿಯ ಕೂಗಂತೆ. ಕೊಯ್ಲು ಮುಗಿದಾಗ ಭೂಮಿತಾಯಿಗೆ ಕೃತಜ್ಞತೆ ಹೇಳಲು ನಮ್ಮ ಹಳ್ಳಿಯ ಹೆಂಗಸರು ಹೀಗೆ ಕೂಗುತ್ತಾರಂತೆ. ಈ ಪ್ರಾಚೀನ ದನಿಯನ್ನು ಹುಡುಕಿಕೊಂಡು ಅವನು ಹಳ್ಳಿ ಹಳ್ಳಿ ಅಲೆದನಂತೆ.

ನಾನು ಒಲೆ ಆರಿಸಿ ಕುಕ್ಕರಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದೆ. ಕೈ ಸುಟ್ಟದ್ದು ಆಮೇಲೆ ಗೊತ್ತಾಯಿತು. ಹಳ್ಳಿ ಹಳ್ಳಿ! ನಮ್ಮ ಮನೆ ಇರುವುದು ಬಸ್‌ಸ್ಟಾಪಿನ ಹಿಂದೆ, ಟೈರ್ ಅಂಗಡಿಯ ಮೇಲೆ!

ನೇತ್ರಾ ಅವನಿಗೆ ಫೋನ್ ಮಾಡಿದಳು. “ಫೋಕ್ ಮೆಟೀರಿಯಲ್ ಅದು ನೇತ್ರಾ, ಯಾರ ಸ್ವತ್ತೂ ಅಲ್ಲ,” ಎಂದ. ಅವಳು ಹಟ ಹಿಡಿದು ತನ್ನ ಮೂಲ ಹಾಡನ್ನು ತನ್ನ ಹೆಸರಲ್ಲಿ ಇಂಟರ್ನೆಟ್ಟಿಗೆ ಹಾಕಿದಳು. ಮರುದಿನವೇ ಅದನ್ನು ತೆಗೆದುಹಾಕಲಾಯಿತು. ಈ ಹಾಡಿನ ಹಕ್ಕು ಬೇರೊಬ್ಬರದು, ಕದ್ದದ್ದನ್ನು ಮತ್ತೆ ಹಾಕಿದರೆ ನಿಮ್ಮ ಖಾತೆಯನ್ನೇ ಮುಚ್ಚುತ್ತೇವೆ ಎಂಬ ಎಚ್ಚರಿಕೆ ಬಂತು. ಕದ್ದದ್ದು! ನಿಮ್ಮ ಮನೆಯ ದನಿಯನ್ನು ನೀವೇ ಕದ್ದಿದ್ದೀರಿ ಎಂದು ಯಾವುದೋ ಯಂತ್ರ ತೀರ್ಪು ಕೊಡುತ್ತದೆ. ಅದಕ್ಕೆ ಎದುರು ಮಾತಾಡೋಣವೆಂದರೆ ಅಲ್ಲಿ ಮನುಷ್ಯರೇ ಇಲ್ಲ.

“ಹೋಗೋಣ. ಎದುರೆದುರು ಕೇಳೋಣ,” ಎಂದವರು ನಮ್ಮತ್ತೆ.

ಒಂದು ಮಂಗಳವಾರ ನಾನು ಶಾಲೆಗೆ ರಜಾ ಹಾಕಿ, ನೇತ್ರಾ, ಅತ್ತೆ, ಮುನಿಯಪ್ಪನವರು, ನಾಲ್ವರೂ ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಾಯಿಸಿ ವೈಟ್‌ಫೀಲ್ಡಿಗೆ ಹೋದೆವು. ಅತ್ತೆಯ ಕೈಯಲ್ಲಿ ಒಂದು ಡಬ್ಬಿ. ಏನೆಂದು ಕೇಳಿದರೆ ಕೋಡುಬಳೆ. “ಯಾರ ಮನೆಗಾದ್ರೂ ಬರಿಗೈಲಿ ಹೋಗೋಕಾಗುತ್ತಾ?” ಕಳ್ಳನ ಮನೆಗೆ ಕೋಡುಬಳೆ ತೆಗೆದುಕೊಂಡು ಹೋಗುವ ಜಾತಿ ನಮ್ಮದು. ನಮ್ಮನ್ನು ದೋಚದೆ ಇನ್ನು ಯಾರನ್ನು ದೋಚುತ್ತಾರೆ?

ಸ್ಟುಡಿಯೋ ತಣ್ಣಗಿತ್ತು. ಗೋಡೆಗೆ ಅಲಂಕಾರಕ್ಕೆಂದು ಒಂದು ತಮಟೆ ತೂಗುಹಾಕಿದ್ದರು. ವರುಣ್ ಎದ್ದು ನಿಂತು ಎಲ್ಲರಿಗೂ ಕೈ ಮುಗಿದ, ಅತ್ತೆಗೆ ಕುರ್ಚಿ ಎಳೆದುಕೊಟ್ಟ. ಅವನ ಸೌಜನ್ಯದಲ್ಲಿ ಒಂದು ಕೊರತೆಯೂ ಇರಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು.

ನೇತ್ರಾ ನೇರವಾಗಿ ಕೇಳಿದಳು. “ಹಾಡು ನಂದು. ನನ್ನ ಹೆಸರು ಯಾಕಿಲ್ಲ?”

“ನೋಡಿ, ನೀವು ಕಳಿಸಿದ್ದು ರಾ ಮೆಟೀರಿಯಲ್. ಅದನ್ನ ಪ್ರಾಡಕ್ಟ್ ಮಾಡಿದ್ದು ನಾವು. ಇಂಡಸ್ಟ್ರಿಲಿ ಇದು ನಾರ್ಮಲ್.”

“ಕಟ್ಟಿದ್ದು ಪೂರ್ತಿ ನಾನು. ನೀವು ಹಾಕಿದ್ದು ಕೊಳಲು.”

ಅವನು ನಕ್ಕ. “ಆರ್ಗ್ಯುಮೆಂಟ್ ಬೇಡ. ಮುಂದಿನ ಸಲ ‘ಸ್ಪೆಷಲ್ ಥ್ಯಾಂಕ್ಸ್’ ಅಂತ ನಿಮ್ಮ ಹೆಸರು ಹಾಕೋಣ. ನಿಮಗೂ ಒಳ್ಳೇದು, ಎಕ್ಸ್‌ಪೋಷರ್ ಸಿಗುತ್ತೆ.”

ಮುನಿಯಪ್ಪನವರು ಗೋಡೆಯ ತಮಟೆಯನ್ನೇ ನೋಡುತ್ತಾ ನಿಂತಿದ್ದರು. ತಿರುಗಿ ಕೇಳಿದರು: “ನಂದು ಎಲ್ಲೈತೆ ಸ್ವಾಮಿ?”

“ಅಂಕಲ್, ಈ ಬೀಟ್ ಸಾವಿರಾರು ವರ್ಷದ್ದು. ಜಾನಪದ. ಅದಕ್ಕೆ ಒಬ್ಬರ ಹೆಸರು ಅಂತ ಇರಲ್ಲ.”

“ಸಾವ್ರ ವರ್ಸದ್ದೇ ಇರ್ಲಿ. ಅವತ್ತು ಬಾರ್ಸಿದ್ದು ನಾನಲ್ವಾ?”

ಅವನು ಎಲ್ಲರಿಗೂ ನೀರು ತರಿಸಿದ. ಅತ್ತೆ ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು ಕೇಳಿದರು: “ಅಲ್ಲಪ್ಪಾ, ಅದರಲ್ಲಿ ಕೂಗಿರೋಳು ನಾನು. ನಾನೂ ಜಾನಪದಾನಾ?”

ಅವನು ಮೊದಲ ಸಲ ಗಲಿಬಿಲಿಗೊಂಡ. “ಆಂಟಿ, ಆ ವಾಯ್ಸು...”

“ಹಾಲು ಉಕ್ಕಿತ್ತು. ನನ್ನ ಮಗಳನ್ನ ಕರ್ದೆ. ನೀನು ಅದನ್ನ ಭೂಮಿತಾಯಿಗೆ ಕೂಗಿದ್ದು ಅಂದ್ಯಂತೆ. ನಾನು ಗದ್ದೆ ನೋಡಿರೋದು ರೈಲಿನ ಕಿಟಕೀಲಿ. ನಮ್ಮೆಜಮಾನ್ರು ಸರ್ಕಾರಿ ಫ್ಯಾಕ್ಟ್ರಿಲಿದ್ರು, ಕ್ವಾರ್ಟರ್ಸಲ್ಲಿ ಬದುಕಿದೋರು ನಾವು.”

ಒಪ್ಪಿಕೊಳ್ಳುತ್ತಾನೆ ಎಂದು ನಾನು ಅಂದುಕೊಂಡೆ. ಇಲ್ಲ. ಅವನು ಮುಗುಳ್ನಕ್ಕು, “ವಾವ್. ಈ ಸ್ಟೋರಿ ತುಂಬ ಚೆನ್ನಾಗಿದೆ ಆಂಟಿ, ಮುಂದಿನ ಇಂಟರ್ವ್ಯೂನಲ್ಲಿ ಯೂಸ್ ಮಾಡ್ತೀನಿ,” ಎಂದ.

ಕದಿಯುವವನಿಗೆ ಕೊನೆಗೆ ಕದ್ದ ಕಥೆಯೂ ಬೇಕು! ಮುನಿಯಪ್ಪನವರ ಬಡಿತ, ನೇತ್ರಾಳ ತಿಂಗಳುಗಳು, ಅತ್ತೆಯ ಗಂಟಲು, ಇಷ್ಟೂ ಸಾಲದೆ ಅವರ ಅವಮಾನವೂ ಇವನಿಗೆ ಮೆಟೀರಿಯಲ್ಲು. ನೇತ್ರಾ ಎದ್ದಳು. “ಥ್ಯಾಂಕ್ಸ್ ಬೇಡ,” ಎಂದಷ್ಟೇ ಹೇಳಿ ಹೊರಟಳು. ಅತ್ತೆ ಕೋಡುಬಳೆ ಡಬ್ಬಿಯನ್ನು ವಾಪಸ್ ತಂದರು. ಮೆಟ್ರೋ ಸ್ಟೇಷನ್ನಿನ ಹೊರಗೆ ಕಟ್ಟೆಯ ಮೇಲೆ ಕೂತು ನಾಲ್ವರೂ ಅದನ್ನು ಮುಗಿಸಿದೆವು. ಸಿಟ್ಟಿನಲ್ಲಿ ತಿಂದ ಕೋಡುಬಳೆಯಷ್ಟು ಗಟ್ಟಿಯಾದದ್ದು ನಾನು ಇನ್ನೇನೂ ತಿಂದಿಲ್ಲ.

ಆಮೇಲೆ ಏನಾಯಿತು? ನ್ಯಾಯ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಆದದ್ದು ಬೇರೆ. ನೇತ್ರಾ ನಡೆದದ್ದನ್ನೆಲ್ಲ ಬಹಿರಂಗವಾಗಿ ಹೇಳಿದಳು. ಒಂದು ವಾರ ಜನ ಅಯ್ಯೋ ಪಾಪ ಎಂದರು. ಎರಡನೇ ವಾರದಿಂದ ಕ್ಲಬ್ಬುಗಳವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಪುಣೆಯ ಕಾರ್ಯಕ್ರಮ ರದ್ದಾಯಿತು, ಕಾರಣ ಹೇಳಲಿಲ್ಲ. “ಅವ್ಳ ಜೊತೆ ಕಷ್ಟ ಮಗಾ, ಜಗಳಗಂಟಿ” ಎಂದು ಒಬ್ಬ ಮ್ಯಾನೇಜರು ಇನ್ನೊಬ್ಬನಿಗೆ ಹೇಳಿದ್ದು ಅವಳ ಕಿವಿಗೇ ಬಿತ್ತು. ಕದ್ದವನು ಕಲಾವಿದ, ಕೇಳಿದವಳು ಜಗಳಗಂಟಿ. ವರುಣನ ರೆಕಾರ್ಡು ದೇಶ ವಿದೇಶ ಸುತ್ತಿತು. ಮದುವೆ ವಿಡಿಯೋಗಳಲ್ಲಿ, ಅಪಾರ್ಟ್‌ಮೆಂಟುಗಳ ಸಂಕ್ರಾಂತಿಯಲ್ಲಿ ನಮ್ಮತ್ತೆ ಭೂಮಿತಾಯಿಗೆ ಕೂಗತೊಡಗಿದರು.

ನೇತ್ರಾ ಲ್ಯಾಪ್‌ಟಾಪಿನ ಮೇಲೆ ಟವೆಲ್ ಮುಚ್ಚಿಟ್ಟಳು. ಮತ್ತೆ ಪೀಣ್ಯಕ್ಕೆ, ಪ್ಯಾನೆಲ್ ಟೆಸ್ಟಿಂಗಿಗೆ ಹೋಗತೊಡಗಿದಳು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಒಂದು ಸಂಜೆ ಅವಳು ಹೆಡ್‌ಫೋನ್ ಇಲ್ಲದೆ ಸುಮ್ಮನೆ ಮೆಟ್ಟಿಲ ಮೇಲೆ ಕೂತಿದ್ದಾಗ, “ಪ್ರೆಸ್ಸಿನ ಸದ್ದು ಈಗ ಬರೀ ಸದ್ದಾಗ್ಬಿಟ್ಟಿದೆ ಅತ್ತಿಗೆ,” ಎಂದಳು. ಅವಳ ಪಕ್ಕದಲ್ಲಿ ಕೂತೆ.

ಅವಳನ್ನು ಎಬ್ಬಿಸಿದ್ದು ಮುನಿಯಪ್ಪನವರು. ಒಂದು ಭಾನುವಾರ ತಮಟೆ ಹೆಗಲಿಗೆ ಹಾಕಿಕೊಂಡು, ಕರೆಯದೆಯೇ ಬಂದರು. “ಯಾಕವ್ವ ಸುಮ್ಕಾಗ್ಬುಟ್ಟೆ?”

“ಎಲ್ಲಾ ಹೋಯ್ತಲ್ಲ ಮುನಿಯಪ್ಪಣ್ಣ.”

“ಏನೋಯ್ತು? ನನ್ತಾವ ಇದ್ದಿದ್ದು ಅದೊಂದೇ ಬಡ್ತಾನಾ?”

ಹೇಳಿ ಸೀದಾ ತಾರಸಿಗೆ ಹೋದರು. ಅವರು ಅಂದು ಬಾರಿಸಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನೇತ್ರಾ ಕೆಳಗೆ ನಿಂತು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದಳು.

ಅವಳು ಈಗ ಯಾರಿಗೂ ಬಿಡಿಬಿಡಿಯಾಗಿ ಏನನ್ನೂ ಕಳಿಸುವುದಿಲ್ಲ. ತನ್ನದೇ ಲೇಬಲ್ ಮಾಡಿಕೊಂಡಿದ್ದಾಳೆ. ಮುನಿಯಪ್ಪನವರ ಜೊತೆ ಒಂದು ಇಡೀ ಆಲ್ಬಂ ತಂದಳು. ಕೊಚ್ಚಿಯಲ್ಲಿ ಇಬ್ಬರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ಕ್ಲಬ್ಬುಗಳು ಒಂದೊಂದಾಗಿ ಮರಳಿ ಕರೆಯುತ್ತಿವೆ, ಏನೂ ನಡೆದೇ ಇಲ್ಲವೆನ್ನುವಂತೆ. ‘ಪೀಣ್ಯ ಸೆಕೆಂಡ್ ಸ್ಟೇಜ್’ ಕೂಡ ಬಹಳ ಅಲೆದಾಟದ ನಂತರ ಇಂಟರ್ನೆಟ್ಟಿಗೆ ವಾಪಸ್ ಬಂತು, ಕ್ಷಮೆಯ ಒಂದು ಅಕ್ಷರವೂ ಇಲ್ಲದೆ. ಅಷ್ಟರಲ್ಲಿ ಕೇಳುವವರೆಲ್ಲ ಇನ್ನೊಂದನ್ನೇ ಮೂಲ ಎಂದು ನಂಬಿಯಾಗಿತ್ತು. ಇವಳದನ್ನು ಕೇಳಿ, ‘ಹಾರ್ವೆಸ್ಟ್ ರಿಚುಅಲ್’ನ ಕೆಟ್ಟ ನಕಲು ಎಂದು ಒಬ್ಬ ಬರೆದಿದ್ದಾನೆ. “ಹೋಗ್ಲಿ ಬಿಡಿ ಅತ್ತಿಗೆ,” ಎನ್ನುತ್ತಾಳೆ ನೇತ್ರಾ. ಬಿಡುವ ಹಕ್ಕು ಅವಳಿಗಿದೆ. ನನಗೆ ಆಗುವುದಿಲ್ಲ.

ಆಗುವುದಿಲ್ಲವೆಂದು ನನಗೆ ಸರಿಯಾಗಿ ಗೊತ್ತಾದದ್ದು ಕಳೆದ ತಿಂಗಳು. ನಮ್ಮ ಶಾಲೆಯ ವಾರ್ಷಿಕೋತ್ಸವದ ತಾಲೀಮು ನಡೆಯುತ್ತಿತ್ತು. ಉತ್ತರಪತ್ರಿಕೆಯ ಕಟ್ಟು ಎತ್ತಿಕೊಂಡು ಹಾಲ್ ದಾಟುತ್ತಿದ್ದವಳು ಗಕ್ಕನೆ ನಿಂತೆ. ಎಂಟನೇ ಕ್ಲಾಸಿನ ಹುಡುಗಿಯರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಪ್ಲಾಸ್ಟಿಕ್ ಮೊರ ಹಿಡಿದು ಸಾಲಾಗಿ ನಿಂತಿದ್ದರು. ಸ್ಪೀಕರಿನಲ್ಲಿ ಕೊಳಲು, ಆಮೇಲೆ ತಮಟೆ, ಆಮೇಲೆ ನಮ್ಮತ್ತೆ. ಕೂಗು ಬಂದ ಕೂಡಲೇ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು, ಆಕಾಶ ನೋಡಿ, ಭಕ್ತಿಯಿಂದ ಕೂಗುವ ಅಭಿನಯ ಮಾಡಿದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಿಲ್ಲಿಸಿ,” ಎಂದು ಕಿರುಚಿದೆ.

ಡ್ಯಾನ್ಸ್ ಟೀಚರು ಹೆದರಿ ಹಾಡು ನಿಲ್ಲಿಸಿದರು. ನಾನು ಹುಡುಗಿಯರನ್ನು ಕೇಳಿದೆ: “ಅವರು ಏನಂತ ಕೂಗ್ತಿದಾರೆ, ಯಾರಿಗಾದ್ರೂ ಗೊತ್ತಾ?” ಯಾರಿಗೂ ಗೊತ್ತಿರಲಿಲ್ಲ. ಸಂಸ್ಕೃತ ಇರಬಹುದು ಮಿಸ್ ಎಂದಳು ಒಬ್ಬಳು. ಹೇಳಿದೆ. ಮತ್ತೊಮ್ಮೆ ಹಾಕಿಸಿದೆ. ಈ ಸಲ ಎಲ್ಲರಿಗೂ ಕೇಳಿತು: ಹಾಲು ಉಕ್ತು ಕಣೇ, ಓಡ್ಬಾರೇ. ಹಾಲ್ ತುಂಬ ನಗು ಎದ್ದಿತು. “ಮಿಸ್, ನಮ್ಮಜ್ಜಿನೂ ಥೇಟ್ ಹಿಂಗೇ!” ಎಂದಳು ಹಿಂದಿನ ಸಾಲಿನವಳು. ಆ ಹುಡುಗಿಯರೇ ನೃತ್ಯ ಬದಲಾಯಿಸಿದರು. ಮೊರ ಬಿಸಾಡಿ, ಒಬ್ಬಳು ಒಲೆಯ ಕಡೆ ಓಡುವುದು, ಉಳಿದವರು ಪ್ರೆಸ್ ಮಿಷನ್ ಆಗುವುದು, ಹೀಗೆ. ಅವರಲ್ಲಿ ಅರ್ಧ ಜನರ ಅಪ್ಪಂದಿರು ಅದೇ ಮಿಷನ್ ನಡೆಸುವವರು. ಹಾಡೂ ಬದಲಾಯಿತು, ನೇತ್ರಾಳದ್ದನ್ನೇ ಹಾಕಿದೆವು.

ಬದಲಾಗದಿದ್ದದ್ದು ಪ್ರಿನ್ಸಿಪಾಲರು. ನಿರೂಪಣೆಯಲ್ಲಿ ಮಾಡಿದವರ ಹೆಸರು ಹೇಳಿಸಿ ಎಂದು ಕೇಳಿದ್ದಕ್ಕೆ, “ಇಂಟರ್ನೆಟ್ಟಲ್ಲಿ ಬೇರೆ ಹೆಸರು ಬರುತ್ತಲ್ಲ ಮೇಡಂ. ಕಾಂಟ್ರವರ್ಸಿ ಯಾಕೆ? ಜಾನಪದ ನೃತ್ಯ ಅಂದ್ಬಿಡೋಣ. ನೀವು ಎಂದಿನಂಗೆ ವಂದನಾರ್ಪಣೆ ನೋಡ್ಕೊಳ್ಳಿ,” ಎಂದರು.

ವಂದನಾರ್ಪಣೆ ಎಂದರೆ ನಿಮಗೆ ಗೊತ್ತಲ್ಲ. ಜನ ಚಪ್ಪಲಿ ಹುಡುಕುತ್ತಿರುವಾಗ ಮೈಕಿನಲ್ಲಿ ಆಗುವ ಕೆಲಸ. ವರ್ಷವೂ ನನಗೇ. ಕಳೆದ ಶನಿವಾರ ಸಂಜೆ ವೇದಿಕೆ ಹತ್ತಿದೆ. ಮುಖ್ಯ ಅತಿಥಿಗಳಿಗೆ, ಪೋಷಕರಿಗೆ, ಶಾಮಿಯಾನದವರಿಗೆ, ತಿಂಡಿಯವರಿಗೆ ವಂದಿಸಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸುತ್ತಿತ್ತು. “ಇನ್ನು ಮೂರು ಹೆಸರಿದೆ,” ಎಂದೆ. “ಎಂಟನೇ ಕ್ಲಾಸಿನ ಮಕ್ಕಳು ಕುಣಿದ ಹಾಡು ಜಾನಪದ ಅಲ್ಲ. ಕಟ್ಟಿದವರು ರಾಜಗೋಪಾಲನಗರದ ನೇತ್ರಾ. ತಮಟೆ ಬಾರಿಸಿದವರು ಲಗ್ಗೆರೆಯ ಮುನಿಯಪ್ಪ. ಕೂಗಿದವರು ಕಮಲಮ್ಮ, ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಇವರಿಗೆ ನಾನು ವಂದನೆ ಹೇಳುತ್ತಿಲ್ಲ. ಹಾಡು ಇವರದು, ಅದನ್ನು ಹೇಳಲು ಬಂದೆ.”

ಚಪ್ಪಲಿ ಹುಡುಕುತ್ತಿದ್ದವರು ನಿಂತರು. ಪ್ರಿನ್ಸಿಪಾಲರು ತಮ್ಮ ಬೂಟು ನೋಡುತ್ತಿದ್ದರು. ಮೂರನೇ ಸಾಲಿನಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ಎದ್ದು ನಿಂತು, ಎಲ್ಲ ದಿಕ್ಕಿಗೂ ಒಮ್ಮೆ ತಿರುಗಿ ಕೈ ಮುಗಿದು ಕೂತರು. ಸೋಮವಾರ ಕಾರಣ ಕೇಳಿ ನನಗೊಂದು ಮೆಮೊ ಬಂತು. ಉತ್ತರ ಇನ್ನೂ ಕೊಟ್ಟಿಲ್ಲ.

ಅಂದು ಗೋವಾದಲ್ಲಿದ್ದ ನೇತ್ರಾಗೆ ಯಾರೋ ನನ್ನ ವಂದನಾರ್ಪಣೆಯ ವಿಡಿಯೋ ಕಳಿಸಿದ್ದರು. ಇವತ್ತು ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಅವಳ ಫೋನ್ ಬಂತು. ಮೂಗೆಳೆದುಕೊಂಡು ಹೇಳಿದಳು: “ಅತ್ತಿಗೆ, ಮೈಕನ್ನ ಅಷ್ಟು ಹತ್ರ ಹಿಡ್ಕೋಬಾರ್ದು. ಸೌಂಡೆಲ್ಲ ಒಡೀತಾ ಇತ್ತು.”

“ಒಡೀಲಿ ಬಿಡೇ,” ಎಂದೆ.